ಸಾಲ ಕೊಟ್ಟವ ಬಾಗಲ ಹೊರಗ ನಿಲ್ಲಬೇಕಂತ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಪತ್ರದಾಗ ಒಬ್ಬರು ಬರದಿದ್ರು, ಎರಡು ಸಾವಿರ ವರ್ಷದ ಹಿಂದಿನ ಶಾಸ್ತ್ರ ಇಟ್ಕೊಂಡು ಈಗೇನ್ ಮಾಡೋದದ, ಯಾವ ಧರ್ಮದ್ದೇ ಇರ್ಲಿ ಎಲ್ಲಾ ತಗೊಂಡು ಮ್ಯೂಸಿಯಂನಾಗ ಇಡ್ರಿ ಅಂತ. ಅರ್ಧ ಒಪ್ತೀನಿ. ಇನ್ನರ್ಧಕ್ಕ ಈ ಪತ್ರ. ಸ್ವಲ್ಪ ಉದ್ದ ಆಗ್ತದ, ಕತ್ತರಿ ಹಾಕೋದೇ ಇದ್ರ ನಡುವ ಎಲ್ಲರ ಹಾಕ್ರಿ, ಕಡೀಕ ಮಾತ್ರ ಬಿಡ್ರಿ.

ನಾ ಇಲ್ಲೇ ಕಲಬುರಗಿ ಗಂಜಿನಾಗ ಒಂದು ಅಡತಿ ಅಂಗಡಿಯಾಗ 31 ವರ್ಷ ಮುನೀಮ ಆಗಿದ್ದವ. ತೊಗರಿ, ಕಡ್ಲಿ, ಜೋಳ, ಕುಸುಬಿ ಇವುಗಳ ತೂಕ, ಖಾತೆ, ಕಿರ್ದಿ ಬಿಟ್ರ ಬ್ಯಾರೆ ಶಾಸ್ತ್ರ ಓದಿದವ ಅಲ್ಲ. ಈಗ ಮನ್ಯಾಗ ಕುಂತೀನಿ. ಯಹೂದಿಗಳ ಶಾಸ್ತ್ರ ನನ್ನ ಕೈಗೆ ಬಂದಿದ್ದು 2020ರ ಲಾಕ್‌ಡೌನ್‌ನಾಗ. ಬಾಜೂ ಮನ್ಯಾಗ ಮೆಥಡಿಸ್ಟ್ ಚರ್ಚಿಗೆ ಹೋಗೋ ರಿಟೈರ್ಡ್ ನರ್ಸಮ್ಮ ಅದಾರ, ಓಣಿ ಮಂದಿಗೆಲ್ಲಾ ಅವರು ಸಿಸ್ಟರ್. ಓದ್ಲಾಕ ಏನರ ಕೊಡ್ರಿ ಅಂದ್ರ ಕನ್ನಡ ಬೈಬಲ್ ಕೊಟ್ರು. ಅದ್ರಾಗ ಯಾಜಕಕಾಂಡ ಅಂತ ಬರ್ತದ, ಯಹೂದಿಗಳು ತೋರಾ ಅಂತಾರಲ್ಲ ಆ ಐದು ಪುಸ್ತಕದಾಗ ಮೂರನೇದು. ಸಿಸ್ಟರ್ ಮೊದ್ಲೇ ಹೇಳಿದ್ರು, ಅದು ಬಿಟ್ಟು ಮುಂದ ಹೋಗ್ರಿ ಅಣ್ಣಾರ, ಬರೇ ಬಲಿ ರಕ್ತ ಕೊಬ್ಬು ಅದ ಅಂತ. ಬ್ಯಾಡ ಅಂದಿದ್ದೇ ಮೊದ್ಲ ಓದೋ ಬುದ್ಧಿ ನಂದು.

ಶುರುವಿನ ಅಧ್ಯಾಯ ಖರೇನೇ ಕಬ್ಬಿಣದ ಕಡ್ಲಿ. ಯಾವ ಪ್ರಾಣಿ ತಿನ್ನಬೇಕು, ಯಾವುದು ಮುಟ್ಟಿದ್ರ ಸಂಜಿ ತನಕ ಮೈಲಿಗಿ, ಹಿಂಗ ಹೊಂಟೇ ಹೊಂಟದ. ನಮ್ಮಜ್ಜಿ ಮಡಿಗಿಂತ ನಾಕು ಪಟ್ಟು ಜಾಸ್ತಿ. 19ನೇ ಅಧ್ಯಾಯಕ್ಕ ಬಂದಾಗ ಮಾತ್ರ ತಡದೆ. ಬಲಿ ಮಾಂಸ ಎರಡು ದಿನದಾಗ ತಿಂದು ಮುಗಿಸಬೇಕು, ಮೂರನೇ ದಿನಕ್ಕ ಉಳದ್ರ ಸುಡಬೇಕು ಅಂತ ಒಂದು ಮಾತು ಅದ, ಅಪ್ಪಟ ಪೂಜಿ ಪುನಸ್ಕಾರದ ಮಾತು, ಅದರ ಬೆನ್ನಿಗೇ, ನಡುವ ಉಸಿರೂ ತಗೊಳ್ಳದ, ನೀ ಹೊಲ ಕೊಯ್ಯುವಾಗ ಮೂಲಿ ತನಕ ಕೊಯ್ಯಬ್ಯಾಡ, ಹಕ್ಕಲು ಆಯಬ್ಯಾಡ, ಅದು ಬಡವರಿಗೂ ಪರದೇಶಿಗೂ ಬಿಡು ಅಂತ ಬರ್ತದ.

ಹಕ್ಕಲು! ಚಸ್ಮಾ ತಗದು ವರಸಿ ಮತ್ತ ಹಾಕ್ಕೊಂಡೆ. ನಮ್ಮವ್ವನ ಬಾಯಾಗಿನ ಶಬ್ದ ಅದು. ಜೋಳ ಕೊಯ್ದ ಹೊಲದಾಗ ಬಿದ್ದ ತೆನಿ ಆರಿಸೋದಕ್ಕ ನಮ್ಮ ಕಡಿ ಹಕ್ಕಲು ಅಂತಾರ, ಈಗಿನ ಹುಡುಗ್ರಿಗೆ ಗೊತ್ತಿಲ್ಲ, ಮಷೀನ್ ಬಂದ ಮ್ಯಾಲ ಆರಿಸ್ಲಾಕ ಏನುಳದದ. ನಮ್ಮವ್ವ ಸಣ್ಣಾಕಿ ಇದ್ದಾಗ ಅವರವ್ವನ ಬೆನ್ನಿಗೆ ಹಕ್ಕಲಿಗೆ ಹೋಗ್ತಿದ್ಲಂತ, ಉಡ್ಯಾಗ ತೆನಿ ತುಂಬ್ಕೊಂಡು ಬಂದು ಬಡದು ತೂರಿದ್ರ ಒಂದು ತಿಂಗಳ ರೊಟ್ಟಿಗೆ ಆಗ್ತಿತ್ತಂತ. ಆದ್ರ ಬಾಂದದ ಮ್ಯಾಲ ಹೊಲದವ ಕುಂತಾನೋ ಇಲ್ಲೋ ನೋಡಿ ಇಳೀಬೇಕಿತ್ತು. ಕುಂತಿದ್ದ ಅಂದ್ರ ಅವನ ಮಾರಿ ನೋಡಬೇಕು, ಅವ ಹೂಂ ಅಂದ್ರ ಹೂಂ, ಇಲ್ಲಂದ್ರ ಖಾಲಿ ಉಡಿ. ಅವ್ವ ಇದು ಹೇಳುವಾಗ ಹಸಿವಿನ ಮಾತು ಜಾಸ್ತಿ ಹೇಳ್ತಿದ್ದಿಲ್ಲ, ಆ ಮಾರಿ ನೋಡೋದೇ ಹೇಳ್ತಿದ್ಲು.

ನನ್ನ ಹುಚ್ಚು ನೋಡಿ ಮಗ ಮೊಬೈಲ್‌ನಾಗ ಸೆಫಾರಿಯಾ ಅಂತ ವೆಬ್‌ಸೈಟ್ ತೋರ್ಸಿದ, ಯಹೂದಿಗಳ ಗ್ರಂಥ ಇಂಗ್ಲಿಷ್‌ನಾಗ ಫ್ರೀ ಓದ್ಲಾಕ ಸಿಗ್ತದ. ನಂದು ಹತ್ತನೇತ್ತೆ ಇಂಗ್ಲಿಷು, ದಿನಕ್ಕ ಒಂದು ಪುಟ. ಮಿಶ್ನಾ ಅಂತ ಅದ, ತೋರಾದ ನಿಯಮ ಹ್ಯಾಂಗ ನಡಸಬೇಕು ಅಂತ ಅವರ ಗುರುಗಳು ಬಾಯಿಂದ ಬಾಯಿಗೆ ಹೇಳ್ಕೋತ ಬಂದದ್ದು, ಸುಮಾರು ಕ್ರಿ.ಶ. 200ರ ಹೊತ್ತಿಗೆ ಯೆಹೂದಾ ಹನಾಸಿ ಅನ್ನೋ ಗುರು ಕೂಡಿಸಿ ಇಟ್ಟಿದ್ದು. ಅದ್ರಾಗ ಹೊಲದ ಮೂಲಿ ಸಲುವಾಗೇ ಒಂದು ಪೂರಾ ಭಾಗ, ಅದರ ಹೆಸರು ಪೇಆ, ಅಂದ್ರ ಮೂಲಿ. ಮುನೀಮನ ಕಣ್ಣಿಗೆ ಹಬ್ಬ ಅದು! ಬೆಳಿಯೊಳಗ 60ರಾಗ ಒಂದು ಪಾಲಿಗಿಂತ ಕಮ್ಮಿ ಬಿಡಬಾರದು. ಕೊಯ್ಯುವಾಗ ಕೈಯಿಂದ ಒಂದೋ ಎರಡೋ ತೆನಿ ಬಿದ್ರ ಅದು ಬಡವಂದು, ಮೂರು ಕೂಡೇ ಬಿದ್ರ ಮಾಲಕಂದು. ಬಡವರು ಕುಡಗೋಲು ತರಬಾರದು, ನೂಕಾಟದಾಗ ಒಬ್ಬರಿಗೊಬ್ಬರು ಹೊಡ್ಕೊಂಡಾರು ಅಂತ. ದಿನಕ್ಕ ಮೂರು ಸಲ ಹೊಲಕ್ಕ ಬಿಡಬೇಕು, ಅದಕ್ಕ ಹಳೇ ವ್ಯಾಖ್ಯಾನಕಾರರು ಹೇಳೋ ಕಾರಣ ಏನಂದ್ರ ಮುಂಜಾನಿ ಹಾಲುಣಿಸೋ ತಾಯಂದ್ರು ಬರಬಹುದು, ಮಧ್ಯಾಹ್ನ ಸಣ್ಣ ಹುಡುಗ್ರು, ಸಂಜಿಕಡಿ ವಯಸ್ಸಾದವರು. ಕೂಸಿಗೆ ಹಾಲು ಕುಡಿಸಿ ಮಲಗಿಸಿ ಯಾವಾಗ ಬಿಡುವಾಗ್ತದ ಅಂತ ಲೆಕ್ಕ ಹಾಕಿ ಕಾನೂನು ಬರದಾರ ನೋಡ್ರಿ.

ಮತ್ತ ಮುಖ್ಯ ಮಾತು, ಬಿಡೋ ಮೂಲಿ ಹೊಲದ ಕಡೀಗೇ ಇರಬೇಕಂತ. ನಡುವ ಎಲ್ಲೋ ಬಿಟ್ರ ಬಡವ ಇಡೀ ದಿನ ಕಾಯ್ತಾ ಕೂಡಬೇಕಾಗ್ತದ, ಅದೂ ಅಲ್ಲದ ಮಾಲಕ ಯಾರೂ ಇಲ್ಲದ ಹೊತ್ತು ನೋಡಿ ತನ್ನ ಬಡ ಬೀಗನ್ನ ಕರದು ಇದು ನೀ ತಗೋ ಅಂದ್ಬಿಡಬಹುದು. ಅವನಿಗೆ ಬೇಕಾದವರಿಗೆ ಹಂಚೋ ಅಧಿಕಾರನೇ ಇಲ್ಲ. ಅದು ಅವನ ದಾನ ಅಲ್ಲವೇ ಅಲ್ಲ, ಬಡವನ ಹಕ್ಕು, ಬಡವ ಬಂದು ತಾನೇ ಕಿತ್ಕೊಂಡು ಹೋಗ್ತಾನ. ಯಾರ ಮಾರಿನೂ ನೋಡಬೇಕಾಗಿಲ್ಲ.

ಇದು ಓದೋ ಮುಂದ ಹೊರಗ ಏನ್ ನಡದಿತ್ತು ಅಂದ್ರ ರೇಷನ್ ಕಿಟ್ ಹಂಚೋದು. ಐದು ಕೇಜಿ ಅಕ್ಕಿ, ಒಂದು ಕೇಜಿ ಬ್ಯಾಳಿ, ಒಂದು ಎಣ್ಣಿ ಪಾಕೀಟು, ಒಂದು ಚೀಲಕ್ಕ ಏಳು ಮಂದಿ ಕೈ ಹಚ್ಚಿ ಫೋಟೋ. ತಗೊಳ್ಳೋ ಮುದುಕಿಗೆ ಮಾಸ್ಕ್ ಕೆಳಗ ಮಾಡು ಅಂತ ಒಬ್ಬವ ಹೇಳಿದ್ದು ನಾನೇ ಕಿವ್ಯಾರೆ ಕೇಳೀನಿ, ಮಾರಿ ಕಾಣವಲ್ದಂತ! ಸಂಜಿಗೆ ವಾಟ್ಸ್ಯಾಪ್‌ನಾಗ ಬಂತು. ಕೊಟ್ಟಿದ್ದು ಒಳ್ಳೇದೇ, ಅಕ್ಕಿ ಸುಳ್ಳಲ್ಲ, ಆದ್ರ ಜೆರೂಸಲೇಮಿನ ದೇವಾಲಯದಾಗ ಗುಪ್ತ ಕೋಣಿ ಅಂತ ಒಂದು ಇತ್ತಂತ, ದೇವರಿಗೆ ಅಂಜೋ ಮಂದಿ ಅದ್ರಾಗ ಸುಮ್ಕ ಇಟ್ಟು ಬರ್ತಿದ್ರು, ಮರ್ಯಾದಸ್ಥ ಮನಿತನದ ಬಡವರು ಅದ್ರಿಂದ ಸುಮ್ಕ ತಗೊಂಡು ಹೋಗ್ತಿದ್ರು, ಇಟ್ಟವ ಯಾರು ಒಯ್ದವ ಯಾರು ಕೇಳೋರಿಲ್ಲ. ಅಲ್ಲಿ ಫೋಟೋ ಹ್ಯಾಂಗ ತಗೀತೀರಿ.

ತಗೊಳ್ಳೋರಿಗೂ ಹದ್ದು ಅದ ಮತ್ತ. 200 ಝೂಜ್, ಅದು ಅವರ ಬೆಳ್ಳಿ ನಾಣ್ಯ, ಅಷ್ಟು ಇದ್ದವ ಹಕ್ಕಲಿಗೆ ಕೈ ಹಚ್ಚಬಾರದು. 199 ಇದ್ರ ನಡೀತದ. ನಮ್ಮ ಬಿಪಿಎಲ್ ಕಾರ್ಡಿನ ಜಗಳ ಎಲ್ಲಾ ನೆನಪಾಗಿ ನಗು ಬಂತು. ನಾಕು ಮಹಡಿ ಮನಿ ಕಟ್ಟಿ ಕಾರ್ಡ್ ಇಟ್ಕೊಂಡವರು ನಮ್ಮ ಓಣ್ಯಾಗೂ ಅದಾರ, ಹೆಸರು ಬ್ಯಾಡ. ಅದರ ಕೂಡೇ ನಮ್ಮ ಕಲ್ಯಾಣದ ಆಯ್ದಕ್ಕಿ ಮಾರಯ್ಯ ನೆನಪಾದ. ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡೋ ಕಾಯಕ ಅವಂದು, ಒಂದಿನ ದಿನಕ್ಕಿಂತ ಜಾಸ್ತಿ ತಂದ್ರ ಹೆಂಡ್ತಿ ಲಕ್ಕಮ್ಮ ಇದು ನಮಗ್ಯಾಕ, ತಂದ ಕಡಿಗೇ ಹಾಕಿ ಬಾ ಅಂತ ಹೊಳ್ಳಿಸಿ ಕಳಿಸ್ಯಾಳ. ಯಹೂದಿ ಗುರುಗಳು ಲಕ್ಕಮ್ಮನ ಹೆಸರು ಕೇಳಿದವರಲ್ಲ, ಲಕ್ಕಮ್ಮ ಅವರದ್ದು ಕೇಳಿದಾಕಿ ಅಲ್ಲ. ಎಲ್ಲಾ ಧರ್ಮ ಒಂದೇ ಅಂತ ಭಾಷಣ ಬಿಗಿಯೋದು ನನಗ ಬರಂಗಿಲ್ಲ, ಒಂದೇ ಅಲ್ಲ ಅವು. ಆದ್ರ ಹೊಲ ಮಾಡೋ ಮಂದಿ ಎಲ್ಲೇ ಇದ್ರೂ ತೆನಿ ಬೀಳೋದು ಮಾತ್ರ ಒಂದೇ ತರ. ನಾವೂ ಎಳ್ಳ ಅಮಾಸಿಗೆ ಭಜ್ಜಿ ರೊಟ್ಟಿ ಕಡುಬು ಅಂಬಲಿ ಹೊತ್ಕೊಂಡು ಹೋಗಿ ಹೊಲದ ಸುತ್ತ ಚರಗ ಚೆಲ್ತೀವಲ್ಲ.

ಈಗ ನಾ ಬರೀಬೇಕಂದಿದ್ದಕ್ಕ ಬರ್ತೀನಿ.

ನಮ್ಮ ಓಣ್ಯಾಗ ಒಬ್ಬಾಕಿ ಹೆಣ್ಮಗಳು ಅದಾಳ, ನನಗ ಕಾಕಾ ಅಂತಾಳ. ಕಟಿ ರೊಟ್ಟಿ ಮಾಡಿ ಖಾನಾವಳಿಗೆ ಕೊಡ್ತಾಳ, ಸಂಘದ ಸಾಲ ತಗದು ರೊಟ್ಟಿ ಮಷೀನ್ ತಂದಾಳ. ಗಂಡ ಆಟೋ ಹೊಡೀತಿದ್ದ, ಕಾಲು ಮುರದು ಕುಂತ, ಎರಡು ಕಂತು ತಪ್ಪಿದ್ವು. ಒಂದಿನ ರಾತ್ರಿ ಎಂಟೂವರಿಗೆ ಅವರ ಮಗ ಓಡಿ ಬಂದ, ಅಜ್ಜಾ ಬಾ ಅಂತ. ಹೋಗಿ ನೋಡಿದ್ರ ವಸೂಲಿ ಹುಡುಗ ಒಳಗ ಅಡಗಿ ಮನಿ ತನಕ ಬಂದಾನ, ಬಕೇಟು ಬೋರಲು ಹಾಕಿ ಅದರ ಮ್ಯಾಲ ಕುಂತಾನ, ತೊಡಿ ಮ್ಯಾಲ ಟ್ಯಾಬು. ದುಡ್ಡು ಕೊಡೋ ತನಕ ಏಳಂಗಿಲ್ಲ ಅಂತಾನ. ಬೈದಿಲ್ಲ, ಹೊಡದಿಲ್ಲ, ಅಕ್ಕಾ ಅಕ್ಕಾ ಅಂತಲೇ ಮಾತಾಡ್ಲಾಕತ್ತಿದ್ದ. ಸುಮ್ಕ ಕುಂತು ಸುತ್ತ ನೋಡ್ತಿದ್ದ ಅಷ್ಟೇ, ಡಬ್ಬಿ ಎಷ್ಟು ಅವ, ಸಿಲಿಂಡರ್ ಎಷ್ಟು ಅವ, ಮಷೀನ್ ಯಾವ ಕಂಪನಿದು. ಈಕಿ ತಲಿ ಮ್ಯಾಗ ಸೆರಗು ಎಳ್ಕೊಂಡು ಒಲಿ ಕಡಿ ಮಾರಿ ಮಾಡಿ ನಿಂತಿದ್ಲು, ಹಂಚಿನ ಮ್ಯಾಲ ರೊಟ್ಟಿ ಕರ್ರಗಾಗಿ ಹೊಗಿ ಏಳ್ತಿತ್ತು, ತೆಗೀಬೇಕನ್ನೋದೂ ಆಕಿಗೆ ನೆನಪಿಲ್ಲ. ನಾ ಹೋಗಿ ಹಂಚು ಕೆಳಗ ಇಳಿಸಿದೆ. ಅವನ್ನ ಎಬ್ಬಿಸಿ ಹೊರಗ ಕರಕೊಂಡು ಬಂದೆ, ಅವನೂ ಪಾಪ ನಮ್ಮ ಕಡೀದೇ ಹುಡುಗ, ಕಾಕಾ ನನಗೂ ಟಾರ್ಗೆಟ್ ಅದ, ಇಲ್ಲಂದ್ರ ಪಗಾರದಾಗ ಹಿಡೀತಾರ ಅಂದ.

ಆ ರಾತ್ರಿ ನಿದ್ದಿ ಬರ್ಲಿಲ್ಲ, ತೋರಾದ ಐದನೇ ಪುಸ್ತಕ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ತಗದೆ, ಅಲ್ಲಿ ಏನೋ ಓದಿದ್ದು ನೆನಪಿತ್ತು. ನೀ ಯಾರಿಗರ ಸಾಲ ಕೊಟ್ಟಿದ್ರ ಒತ್ತಿ ತಗೊಳ್ಳಾಕ ಅವನ ಮನಿ ಒಳಗ ಹೋಗಬ್ಯಾಡ. ಹೊರಗ ನಿಲ್ಲು. ಅವನೇ ಒಳಗಿಂದ ತಂದು ಕೊಡ್ತಾನ. ಇಷ್ಟೇ ಅದ. ಸಾಲ ಮನ್ನಾ ಅಂದಿಲ್ಲ, ಕೇಳಬ್ಯಾಡ ಅಂದಿಲ್ಲ. ಎಲ್ಲಿ ನಿಂತು ಕೇಳಬೇಕು ಅಷ್ಟು ಹೇಳ್ಯದ. ಹೊಸ್ತಲ ಆ ಕಡಿ ಅವ ಸಾಲಗಾರ ಇರಬಹುದು, ಹೊಸ್ತಲ ಈ ಕಡಿ ಅವ ಮನಿ ಯಜಮಾನ. ಆತ ಬಡವ ಇದ್ದು ಹೊದಿಕಿ ಒತ್ತಿ ಇಟ್ಟಿದ್ರ ಹೊತ್ತು ಮುಳುಗೋದ್ರೊಳಗ ತಿರುಗಿ ಕೊಡು, ಹೊದ್ಕೊಂಡು ಮಲಗ್ತಾನ. ಮಿಶ್ನಾದವರು ಇನ್ನೂ ಮುಂದಕ್ಕ ಎಳದಾರ, ದಿಂಬು ಒತ್ತಿ ತಗೊಂಡಿದ್ರ ರಾತ್ರಿಗೆ ವಾಪಸ್, ನೇಗಲಿ ತಗೊಂಡಿದ್ರ ಹಗಲಿಗೆ ವಾಪಸ್ ಅಂತ. ಅಂಥಾ ಒತ್ತಿ ಇಟ್ಕೊಂಡು ಏನ್ ಪ್ರಯೋಜನ ಅಂತ ನನ್ನೊಳಗಿನ ಮುನೀಮ ಕೇಳ್ದ. ಪ್ರಯೋಜನ ಕಮ್ಮಿನೇ, ಅದು ಖರೆ.

ಅದೇ ಅಧ್ಯಾಯದಾಗ ಇನ್ನೊಂದು ಅದ, ಬೀಸೋ ಕಲ್ಲು ಒತ್ತಿ ತಗೋಬ್ಯಾಡ, ಕೆಳಗಿನದೂ ಬ್ಯಾಡ ಮ್ಯಾಲಿನದೂ ಬ್ಯಾಡ, ಅದು ತಗೊಂಡ್ರ ಜೀವಾನೇ ಒತ್ತಿ ತಗೊಂಡಂಗ. ನನಗ ರೊಟ್ಟಿ ಮಷೀನೇ ಕಣ್ಣಿಗೆ ಕಟ್ತು.

2025ರ ಫೆಬ್ರುವರಿಯಾಗ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು ನೀವೇ ಹಾಕಿದ್ರಿ, ವಸೂಲಿಗೆ ಬಂದು ಕಿರುಕುಳ ಕೊಟ್ರ 10 ವರ್ಷ ತನಕ ಜೈಲು, 5 ಲಕ್ಷ ತನಕ ದಂಡ. ಬೇಕಿತ್ತು. ಆದ್ರ ಕಿರುಕುಳ ಅಂದ್ರ ಏನು ಅಂತ ಪೊಲೀಸ್ ಠಾಣಿಯಾಗ ಕುಂತು ಆ ಹೆಣ್ಮಗಳು ಹ್ಯಾಂಗ ಹೇಳ್ಬೇಕು, ಅವ ಬೈದಿಲ್ಲ ಸಾಹೇಬ್ರ, ಬಕೇಟಿನ ಮ್ಯಾಲ ಕುಂತಿದ್ದ ಅಂತನಾ? ಆ ಹಳೇ ಶಾಸ್ತ್ರ ಬರದವರಿಗೆ ಈ ಬಕೇಟು ಕಂಡಿತ್ತು, ಅದೇ ನನ್ನ ಮಾತು. ದಯಾ ಇಟ್ಟು ನಡ್ಕೋ ಅಂತ ಎಲ್ಲಾ ಧರ್ಮದವರೂ ಹೇಳ್ತಾರ, ಕೇಳಿ ಕೇಳಿ ಕಿವಿ ತೂತು ಬಿದ್ದಾವು, ಇವರು ಎಷ್ಟು ಬಿಡಬೇಕು, ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನೊಳಗ ಕೊಡಬೇಕು ಅಂತ ಗೇಣು ಹಾಕಿ ಅಳದು ಹೇಳ್ಯಾರ. ಅದನ್ನ ಪೂಜಿ ನಿಯಮ, ಹಬ್ಬದ ನಿಯಮದ ನಡುವೇ ತುರುಕ್ಯಾರ. ಯಾಜಕಕಾಂಡ 23ನೇ ಅಧ್ಯಾಯ ಪೂರಾ ಹಬ್ಬದ ಪಟ್ಟಿ, ಅದರ ನಟ್ಟನಡುವ ಮತ್ತ ಬರ್ತದ ಅದೇ ಹೊಲದ ಮೂಲಿ ಮಾತು. ಹಬ್ಬ ಮಾಡ್ಲಾಕತ್ತೀ, ಮೂಲಿ ಬಿಟ್ಟೀಯೇನು ಅಂದಂಗ.

ತೂಕದ ಮಾತು ಬಿಟ್ರ ಗಂಜಿನ ಮಂದಿ ನನಗ ನಗ್ತಾರ. ಚೀಲದಾಗ ದೊಡ್ಡದೊಂದು ಸಣ್ಣದೊಂದು ಎರಡು ತರದ ತೂಕದ ಕಲ್ಲು ಇಟ್ಕೋಬ್ಯಾಡ ಅಂತ ಅದ, ಇದು ಎಲ್ಲಾರೂ ಹೇಳೋದೇ. ಮಿಶ್ನಾ ಏನಂತದ ಅಂದ್ರ ಚಿಲ್ಲರೆ ಅಂಗಡಿಯವ ಅಳತಿ ಪಾತ್ರಿ ವಾರಕ್ಕ ಎರಡು ಸಲ ತೊಳೀಬೇಕು, ತೂಕದ ಕಲ್ಲು ವಾರಕ್ಕ ಒಂದು ಸಲ ತಿಕ್ಕಬೇಕು, ತಕ್ಕಡಿ ಒಂದೊಂದು ತೂಕ ಆದ ಮ್ಯಾಲೂ ವರಸಬೇಕು, ಯಾಕಂದ್ರ ಅಂಟ್ಕೊಂಡ ಹಿಟ್ಟು ಎಣ್ಣಿ ಗಿರಾಕಿದು. ಮಿಶ್ನಾದ ಮ್ಯಾಲ ಮುಂದಿನ ಗುರುಗಳು ಮಾಡಿದ ಚರ್ಚಾ ಇರೋ ತಾಲ್ಮುಡ್‌ನಾಗಂತೂ ಕಮ್ಮಿ ಅಳತಿ ಪಾತ್ರಿ ಮನ್ಯಾಗೇ ಇರಬಾರದು, ಉಚ್ಚಿ ಹೊಯ್ಯಾಕ ಇಟ್ಕೊಂಡ್ರೂ ಬ್ಯಾಡ ಅಂದಾರ! ಯಾರರ ಕತ್ತಲದಾಗ ಅದ್ರಾಗೇ ಅಳದಾರು ಅಂತ. ಇದನ್ನ ಬರದವ ಪೇಟಿ ನೋಡಿದವ, ಬರೇ ಗುಡಿಯಾಗ ಕುಂತವ ಅಲ್ಲ. ಖರೀದಿ ಮಾಡೋ ಮನಸೇ ಇಲ್ಲದ ಅಂಗಡಿಗೆ ಹೋಗಿ ಇದಕ್ಕೆಷ್ಟು ಅದಕ್ಕೆಷ್ಟು ಕೇಳಬಾರದು ಅಂತನೂ ಅದ, ಇದು ನಮ್ಮ ಮನ್ಯಾಕಿಗೆ ಓದಿ ಹೇಳಿದೆ, ಆಕಿ ಉತ್ತರ ಇಲ್ಲಿ ಬರಿಯೋಹಂಗಿಲ್ಲ.

ನನ್ನ ತಪ್ಪೂ ಒಂದು ಹೇಳ್ತೀನಿ. ಕೂಲಿ ದುಡ್ಡು ಅವತ್ತಿಂದವತ್ತೇ, ಹೊತ್ತು ಮುಳುಗೋದ್ರೊಳಗ ಕೊಡು, ಅವ ಬಡವ, ಅದರ ಮ್ಯಾಲೇ ಜೀವ ಇಟ್ಕೊಂಡಿರ್ತಾನ ಅಂತ ಆ 24ನೇ ಅಧ್ಯಾಯದಾಗೇ ಅದ. ಅಂಗಡಿಯಾಗಿದ್ದಾಗ ಎಷ್ಟು ಸಲ ಹಮಾಲರಿಗೆ ನಾಳಿ ಬಾ ಅಂದೀನೋ ಲೆಕ್ಕ ಇಲ್ಲ. ಗಲ್ಲಾದಾಗ ರೊಕ್ಕ ಇರ್ತಿತ್ತು. ಕಿರ್ದಿ ಮುಚ್ಚಿ ಆಗಿರ್ತಿತ್ತು, ಮತ್ತ ತಗದು ಬರೀಲಾಕ ಬ್ಯಾಸರ, ಅಷ್ಟಕ್ಕೇ. ಒಬ್ಬಾವ ಪಾವಟಣಿಗಿ ಮ್ಯಾಲ ಕುಂತೇ ಇರ್ತಿದ್ದ, ಬೆನ್ನಿಗೆ ಕಡ್ಲಿ ಹೊಟ್ಟು ಹತ್ತಿರ್ತಿತ್ತು, ಮಾತಾಡ್ತಿದ್ದಿಲ್ಲ, ನಾ ಶಟರ್ ಎಳದು ಕೀಲಿ ಹಾಕಿದ ಮ್ಯಾಲ ಎದ್ದು ಹೋಗ್ತಿದ್ದ. ಮಿಶ್ನಾದಾಗ ಒಂದು ಸಂದು ಅದ, ಕೂಲಿಯವ ಬಾಯಿ ಬಿಟ್ಟು ಕೇಳದಿದ್ರ ಮಾಲಕನಿಗೆ ದೋಷ ಇಲ್ಲ ಅಂತ. ಆ ಸಂದಿನಾಗ ನಾ ತೂರ್ಕೋಬಹುದು, ಅವ ಕೇಳಿದ್ದಿಲ್ಲ. ಆದ್ರ ಕುಂತಿದ್ದ.

ಮ್ಯೂಸಿಯಂ ಅಂದವರಿಗೆ ಅರ್ಧ ಒಪ್ತೀನಿ ಅಂದೆನಲ್ಲ, ಅದೂ ಹೇಳಿಬಿಡ್ತೀನಿ. ಅದೇ ಪುಸ್ತಕದಾಗ ಗುಲಾಮರನ್ನ ಇಟ್ಕೊಳ್ಳೋ ನಿಯಮ ಅದಾವು, ಮುಟ್ಟಾದ ಹೆಣ್ಮಕ್ಕಳ ಮೈಲಿಗಿ ಅದ, ಅಂಗದಾಗ ಊನ ಇದ್ದ ಯಾಜಕ ಬಲಿಪೀಠದ ಹತ್ರ ಹೋಗಬಾರದು ಅಂತ ಅದ. ಅವು ಮ್ಯೂಸಿಯಂಗೇ ಹೋಗ್ಲಿ, ನಾನೇ ಎತ್ತಿ ಇಡ್ತೀನಿ. ಆದ್ರ ಅವರ ಗುರುಗಳೇ ಶಾಸ್ತ್ರ ರಿಪೇರಿ ಮಾಡ್ಕೊಂಡಿದ್ದೂ ಅದ. ಏಳು ವರ್ಷಕ್ಕೊಮ್ಮೆ ಸಾಲ ವಜಾ ಆಗಬೇಕು ಅಂತ ಮೂಲದಾಗ ಇತ್ತು, ಚಂದ ಕೇಳಸ್ತದ, ಆದ್ರ ಏಳನೇ ವರ್ಷ ಹತ್ರ ಬಂದಂಗ ಬಡವರಿಗೆ ಸಾಲನೇ ಹುಟ್ಟದಂಗಾಯ್ತು, ಆಗ ಹಿಲ್ಲೆಲ್ ಅನ್ನೋ ಗುರು ಪ್ರೊಜ್ಬುಲ್ ಅಂತ ಒಂದು ಪತ್ರದ ವ್ಯವಸ್ಥಾ ಮಾಡ್ದ, ಸಾಲ ಕೋರ್ಟಿಗೆ ಒಪ್ಪಿಸಿದಂಗ, ವಜಾ ಆಗಂಗಿಲ್ಲ, ಕೊಡೋರಿಗೂ ಧೈರ್ಯ ಬಂತು. ಸತ್ತವರ ಬಟ್ಟಿ ವಿಷಯದಾಗೂ ಹಂಗೇ. ಸಾವಿನ ಖರ್ಚು ಸಾವಿಗಿಂತ ಜಡ ಆಗಿ ಕೆಲವರು ಹೆಣ ಬಿಟ್ಟೇ ಓಡಿ ಹೋಗ್ತಿದ್ರಂತ, ರಬ್ಬಾನ್ ಗಮಲಿಯೇಲ್ ಅನ್ನೋ ದೊಡ್ಡ ಗುರು ನನ್ನನ್ನ ಸಾದಾ ನಾರಿನ ಬಟ್ಟಿಯಾಗ ಒಯ್ರಿ ಅಂದ, ಮುಂದ ಎಲ್ಲಾರೂ ಹಂಗೇ ಮಾಡಿದ್ರು. ದುಃಖದ ಮನಿಗೆ ಊಟ ಒಯ್ಯುವಾಗ ಸಾವಕಾರರ ಮನಿಗೆ ಬೆಳ್ಳಿ ಬಂಗಾರದ ಬುಟ್ಟಿ, ಬಡವರ ಮನಿಗೆ ಕಡ್ಡಿ ಬುಟ್ಟಿ ಒಯ್ತಿದ್ರು, ಬಡವರಿಗೆ ನಾಚಿಕಿ ಆಗ್ತದಂತ ಎಲ್ಲಾರ ಮನಿಗೂ ಕಡ್ಡಿ ಬುಟ್ಟಿನೇ ಅಂತ ಠರಾವು ಮಾಡಿದ್ರು. ನಮ್ಮ ಕಡಿ ದಿನಕರ್ಮಕ್ಕ ಹೊಲ ಒತ್ತಿ ಇಟ್ಟ ಖಾತಿ ನನ್ನ ಕೈಯಾರೆ ಬರದೀನಿ, ಅದಕ್ಕ ಹೇಳ್ದೆ.

ಶನಿವಾರದ ಸಬ್ಬತ್ ಬಗ್ಗೆ ಬರದ್ರ ಪುಟ ಸಾಲಂಗಿಲ್ಲ. ಒಂದೇ ಮಾತು, ಕೊಂಕಣದ ಬೆನೆ ಇಸ್ರಾಯೇಲ್ ಯಹೂದಿಗಳು ಎಣ್ಣಿ ಗಾಣ ಹೊಡೀತಿದ್ರು, ಶನಿವಾರ ಗಾಣ ಬಂದ್, ಅದಕ್ಕ ಮರಾಠಿ ಮಂದಿ ಅವರಿಗೆ ಶನಿವಾರ ತೇಲಿ ಅಂತಿದ್ರು. ಆ ದಿನ ಆಳಿಗೂ ಎತ್ತಿಗೂ ರಜಾ ಇರಬೇಕಂತ ತೋರಾದಾಗ ಅದ. ಸೋಮವಾರ ಎತ್ತು ಹೂಡಬಾರದು ಅಂತಿದ್ದ ನಮ್ಮಪ್ಪಗ ಇದು ಹೇಳಿದ್ರ ಎರಡನೇ ಸಲ ಕೇಳ್ತಿದ್ದಿಲ್ಲ, ಒಪ್ಪಿಬಿಡ್ತಿದ್ದ.

ಕಡೀದು. ಹೊಸ ಮನಿ ಕಟ್ಟಿದ್ರ ಮಾಳಿಗಿಗೆ ಸುತ್ತ ಕಟ್ಟಿ ಕಟ್ಟು, ಯಾರರ ಬಿದ್ದು ಸತ್ತರ ರಕ್ತದ ದೋಷ ನಿನ್ನ ಮನಿಗೆ ಅಂತ ಧರ್ಮೋಪದೇಶಕಾಂಡ 22ರಾಗ ಅದ, ಎತ್ತರ ಹತ್ತು ಅಂಗೈ ಅಗಲ ಇರಬೇಕಂತ ಗುರುಗಳು ಅಳದಾರ. ನಮ್ಮ ಮಾಳಿಗಿಗೆ 18 ವರ್ಷದಿಂದ ಪ್ಯಾರಾಪಿಟ್ ಇದ್ದಿಲ್ಲ, ರೊಕ್ಕ ಆದಾಗ ನೋಡೋಣ ಅಂತ ಬಿಟ್ಟಿದ್ದೆ, ಬ್ಯಾಸಗ್ಯಾಗ ಮಮ್ಮಕ್ಕಳೂ ಅಲ್ಲೇ ಮಲಗ್ತಾವ. ಮೊನ್ನಿ ಗೌಂಡಿ ಕರಸಿದೆ. ಮೊದಲ ದಿನದ ಕೆಲಸ ಮುಗೀತು, ಕೈ ತೊಳ್ಕೊಂಡ, 900 ರೂಪಾಯಿ ಫೋನ್‌ಪೇ ಮಾಡಬೇಕಂದ್ರ ಗೋಲ್ ಗೋಲ್ ತಿರುಗೇ ತಿರುಗ್ತು, ಹೋಗಲೊಲ್ದು. ನಾಳಿ ಕೊಡ್ರಿ ಕಾಕಾ, ನಾ ಏನ್ ಊರು ಬಿಟ್ಟು ಹೋಗ್ತೀನಾ ಅಂದ. ನೀ ನಿಲ್ಲು ಅಂತ ಹೇಳಿ ಚಪ್ಲಿ ಮೆಟ್ಟಿ ಮೂಲಿ ಕಿರಾಣಿ ಅಂಗಡಿಗೆ ಹೋದೆ, ಅವನ ಹತ್ರ ಉದ್ರಿ ತಗೊಂಡು ಮೊಣಕಾಲು ನೋವಿನಾಗ ಓಡ್ಕೋತ ಬಂದೆ. ಗೌಂಡಿ ಎರಡು ಸಲ ಎಣಿಸಿ ಒಳಗಿನ ಕಿಸೇದಾಗ ಇಟ್ಕೊಂಡು, ಯಾಕ ಇಷ್ಟು ಗಡಿಬಿಡಿ ಕಾಕಾ ಅಂದ. ಹೊತ್ತು ಮುಳುಗ್ತದಪ್ಪಾ ಅದಕ್ಕ ಅಂದೆ. ಏನು ತಿಳ್ಕೊಂಡನೋ, ಸೈಕಲ್ ಮೋಟರ್ ಕಿಕ್ ಹೊಡದು ಹೋದ. ಇನ್ನೂ ಎರಡು ದಿನದ ಕೆಲಸ ಅದ, ರೊಕ್ಕ ಮುಂಜಾನೇ ಬ್ಯಾಂಕಿನಿಂದ ತಂದಿಟ್ಟೀನಿ.

ಇಂತಿ,
ನಿಮ್ಮ ಹಳೇ ಓದುಗ, ಕಲಬುರಗಿ